ಊಟ ಅಂದರೆ ಆಟಕ್ಕೆ ಓಡುತ್ತಿದ್ದ ಹುಡುಗಿ: ಒಳಗಿವಿಯಲ್ಲಿ ತಂತಿ ಮಡಚಿದ್ದ ಒಂದು ಪ್ರಕರಣ

ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಈ ಹುಡುಗಿ ನನ್ನ ಹತ್ತಿರ ಬಂದಾಗ ಅವಳಿಗೆ ಮೂರು ವರ್ಷ ನಾಲ್ಕು ತಿಂಗಳು. ಹುಟ್ಟಿನಿಂದ ಎರಡೂ ಕಿವಿ ಕೇಳುತ್ತಿರಲಿಲ್ಲ. ಶಬ್ದಕ್ಕೆ ಕಿವಿಯ ನರ ಉತ್ತರ ಕೊಡುತ್ತದಾ ಅಂತ ನೋಡುವ ಬೆರಾ ಪರೀಕ್ಷೆಯಲ್ಲಿ ಅದು ಖಚಿತವಾಗಿತ್ತು. ಸರ್ಕಾರಿ ಯೋಜನೆಯಲ್ಲಿ, ದೂರದ ಊರಿನ ಒಂದು ಆಸ್ಪತ್ರೆಯಲ್ಲಿ ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿದ್ದರು, ಅಂದರೆ ಒಳಗಿವಿಗೆ ತಂತಿ ತೂರಿಸಿ, ಶಬ್ದವನ್ನು ಕರೆಂಟಿನ ಮೂಲಕ ನೇರ ಕಿವಿಯ ನರಕ್ಕೆ ಮುಟ್ಟಿಸುವ ಸಾಧನ. ಹೊರಗೆ ಹಾಕಿಕೊಳ್ಳುವ ಯಂತ್ರ ಚಾಲೂ ಮಾಡಿ ಎರಡು ತಿಂಗಳಾಗಿತ್ತು. ಇನ್ನು ಮಾತು ಕಲಿಸಬೇಕು. ಅದಕ್ಕೆ ವಾರಕ್ಕೆ ಎರಡು ಸಲ ಕಲಬುರಗಿಗೆ ಬರುವುದು ಅಂತ ಆಯಿತು.

ತಾಯಿ ಇಲ್ಲವೇ ಆಯಿ (ಅಜ್ಜಿ), ಯಾರಾದರೊಬ್ಬರು ಬೆಳಗಿನ ಬಸ್ಸಿಗೆ ಕರೆದುಕೊಂಡು ಬರುತ್ತಿದ್ದರು. ತಂದೆ ಫರ್ಸಿ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಹೋಗುತ್ತಾರೆ. ರಜೆ ಹಾಕಿದರೆ ಆ ದಿನದ ಕೂಲಿ ಇಲ್ಲ. ಮೇ ತಿಂಗಳ ಬಿಸಿಲಿನಲ್ಲೂ ತಾಯಿ, ಆಯಿ ಒಂದು ದಿನ ತಪ್ಪಿಸಲಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಇವರ ಮೇಲೆಯೇ ತಪ್ಪು ಹೊರಿಸಿದೆವು. ಹೊರಿಸಿದವರಲ್ಲಿ ನಾನೂ ಒಬ್ಬಳು.

ನಾನು ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷಿಸಿ ತರಬೇತಿ ಕೊಡುವವಳು. ಓದಿದ್ದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಕೆಲಸ ನನ್ನ ಊರಾದ ಕಲಬುರಗಿಯಲ್ಲಿ. ಈ ಪ್ರಕರಣ ಬರೆಯುವುದಕ್ಕೆ ತಾಯಿ ಒಪ್ಪಿದ್ದಾರೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಎಲ್ಲ ಸರಿ ಇತ್ತು

ಮೊದಲ ಎರಡು ತಿಂಗಳು ನನಗೆ ಅನುಮಾನವೇ ಬರಲಿಲ್ಲ. ಕಂಪ್ಯೂಟರಿಗೆ ಜೋಡಿಸಿ ನೋಡಿದರೆ, ತಂತಿಯ ಮೇಲೆ ಸಾಲಾಗಿ ಕೂತು ಕರೆಂಟ್ ಬಿಡುವ 22 ಎಲೆಕ್ಟ್ರೋಡ್‌ಗಳ ಇಂಪೀಡೆನ್ಸ್ ಸರಿ ಇತ್ತು. ಇಂಪೀಡೆನ್ಸ್ ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅನ್ನುವ ಲೆಕ್ಕ. ತಂತಿ ತುಂಡಾಗಿದ್ದರೆ, ಒಂದಕ್ಕೊಂದು ಶಾರ್ಟ್ ಆಗಿದ್ದರೆ ಅದರಲ್ಲಿ ಸಿಕ್ಕಿಬೀಳುತ್ತದೆ. ಕಿವಿಯ ನರ ಉತ್ತರ ಕೊಡುತ್ತದಾ ಅಂತ ನೋಡುವ ಎನ್‌ಆರ್‌ಟಿಯಲ್ಲೂ ಅಲೆ ಚೆನ್ನಾಗಿ ಬಂತು. ಪರೀಕ್ಷೆಯ ಕೋಣೆಯಲ್ಲಿ ಕೂರಿಸಿ ಸ್ಪೀಕರ್‌ನಿಂದ ಶಬ್ದ ಕೊಟ್ಟೆ. ದಪ್ಪ ದನಿಯ 250 ಹರ್ಟ್ಜ್‌ನಿಂದ ತೆಳು ದನಿಯ 4000 ಹರ್ಟ್ಜ್‌ವರೆಗೆ ಎಲ್ಲದಕ್ಕೂ ಮೆಲುದನಿಯಷ್ಟೇ ಇರುವ 30–35 ಡೆಸಿಬೆಲ್‌ಗೇ ತಿರುಗಿ ನೋಡಿದಳು. ಇಂಪ್ಲಾಂಟ್ ಹಾಕಿದ ಮಗುವಿಗೆ ಇದು ಒಳ್ಳೆಯ ಫಲಿತಾಂಶ.

ಆದರೆ ಶಬ್ದ ಕೇಳಿಸುವುದು ಬೇರೆ, ಅದು ಯಾವ ಶಬ್ದ ಅಂತ ಗೊತ್ತಾಗುವುದು ಬೇರೆ. ನಾವು ದಿನಾ ತರಬೇತಿ ಶುರು ಮಾಡುವುದು ಆರು ಶಬ್ದಗಳಿಂದ: ಮ್, ಊ, ಆ, ಈ, ಶ್, ಸ್. ಲಿಂಗ್ ಶಬ್ದಗಳು ಅಂತ ಹೆಸರು. ಮಾತಿನಲ್ಲಿ ಬರುವ ದಪ್ಪ ದನಿಯಿಂದ ತೆಳು ದನಿಯವರೆಗೆ ಎಲ್ಲವನ್ನೂ ಈ ಆರು ಮುಟ್ಟುತ್ತವೆ. ಬಾಯಿಗೆ ಕಾರ್ಡ್ ಅಡ್ಡ ಹಿಡಿದು ಒಂದೊಂದೇ ಹೇಳುತ್ತೇವೆ. ಮಗು ಅದನ್ನು ತಿರುಗಿ ಹೇಳಬೇಕು, ಇಲ್ಲವೇ ಅದರ ಚಿತ್ರ ತೋರಿಸಬೇಕು. ಆರಕ್ಕೂ ಈ ಹುಡುಗಿ ತಲೆ ಎತ್ತುತ್ತಿದ್ದಳು. ಸ್, ಶ್ ಬೇಗ ಕಲಿತಳು. 'ಊ' ಅಂದರೆ 'ಆ' ಶಬ್ದದ ಚಿತ್ರ ತೋರಿಸುತ್ತಿದ್ದಳು. ಮ್ ಅಂದರೆ ಸುಮ್ನೆ ನನ್ನ ಮುಖ ನೋಡುತ್ತಿದ್ದಳು.

ಸಾಮಾನ್ಯವಾಗಿ ಇದರ ಉಲ್ಟಾ ನೋಡುತ್ತೇವೆ. ಮಕ್ಕಳಿಗೆ ತೊಂದರೆ ಕೊಡುವುದು ಸ್, ಶ್. ಊ, ಆ ಬೇಗ ಬರುತ್ತವೆ. ಆಗಲೇ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮ್ಯಾಪಿಂಗ್, ಅಂದರೆ ಯಾವ ಎಲೆಕ್ಟ್ರೋಡಿಗೆ ಎಷ್ಟು ಕರೆಂಟ್ ಅನ್ನುವ ಹೊಂದಿಕೆ, ಎರಡು ಸಲ ಬದಲಿಸಿದೆ. ದಪ್ಪ ದನಿಯ ಎಲೆಕ್ಟ್ರೋಡ್‌ಗಳಿಗೆ ಕರೆಂಟ್ ಸ್ವಲ್ಪ ಏರಿಸಿದೆ. ತಾಯಿಗೆ, 'ಮನೆಯಲ್ಲಿ ಇನ್ನೂ ಜಾಸ್ತಿ ಮಾತಾಡಿಸಬೇಕಮ್ಮಾ, ಬರೀ ಇಲ್ಲಿ ಬಂದರೆ ಸಾಲದು' ಅಂದೆ. ಇಂಥ ಮಾತು ಆಕೆ ಅದಾಗಲೇ ಇನ್ನೊಂದು ಕಡೆ ಕೇಳಿಸಿಕೊಂಡಿದ್ದರು. ಹೀಗೆ ನಾಲ್ಕು ತಿಂಗಳು ಹೋಯಿತು.

ಒಂದು ದಿನ ಆಕೆ ತಡೆಯಲಾರದೆ ಹೇಳಿದರು: 'ಮೇಡಂ, ನಾ ಮನ್ಯಾಗ ದಿನಾ ಮಾತಾಡಸ್ತೀನ್ರಿ. ರೊಟ್ಟಿ ಬಡಿಯೋವಾಗೂ ಬಾಜೂಕ ಕೂಡಿಸ್ಕೊಂಡು ಹೇಳ್ತೀನಿ. ಊಟಕ್ಕ ಬಾ ಅಂದ್ರ ಆಟದ ಡಬ್ಬಿ ತರ್ತಾಳ್ರಿ. ಹೊಟ್ಟಿ ಹಸದಾಗೂ ಹಂಗೇ ಮಾಡ್ತಾಳ.'

'ಹೊಟ್ಟಿ ಹಸದಾಗೂ' ಅನ್ನುವ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಹಸಿದ ಮಗುವಿಗೆ ಊಟ ಅನ್ನುವ ಶಬ್ದಕ್ಕಿಂತ ಬೇಕಾದ ಶಬ್ದ ಇನ್ನೊಂದಿಲ್ಲ. ಅದನ್ನೂ ಅವಳು ತಪ್ಪು ಕೇಳಿಸಿಕೊಳ್ಳುತ್ತಿದ್ದಾಳೆ ಅಂದರೆ ಅಭ್ಯಾಸ ಸಾಲದು ಅನ್ನುವ ನನ್ನ ವಿವರಣೆ ನಿಲ್ಲುವುದಿಲ್ಲ.

ಅವತ್ತೇ ಜೋಡಿ ಪದಗಳ ಪರೀಕ್ಷೆ ಮಾಡಿದೆ. ಬಾಯಿಗೆ ಕಾರ್ಡ್ ಅಡ್ಡ ಹಿಡಿದು ಒಂದೊಂದು ಜೋಡಿಯನ್ನು 20 ಸಲ ಕೇಳಿದೆ. ಕಾಲು–ಕೀಲಿ 17 ಸರಿ. ಊಟ–ಆಟ 11 ಸರಿ. ಎರಡೇ ಚಿತ್ರ ಇದ್ದಾಗ 20ಕ್ಕೆ 11 ಅಂದರೆ ಕಣ್ಣುಮುಚ್ಚಿ ಬೆರಳಿಟ್ಟ ಹಾಗೆ. 'ಈ' ಮತ್ತು 'ಆ' ನಡುವೆ ತೊಂದರೆ ಇಲ್ಲ, 'ಊ' ಮತ್ತು 'ಆ' ನಡುವೆ ಗೊಂದಲ. ಇಷ್ಟು ಅಚ್ಚುಕಟ್ಟಾದ ತಪ್ಪು ಮಗುವಿನ ಗಮನ ಕಡಿಮೆಯಾದರೆ ಬರುವುದಿಲ್ಲ. ದಪ್ಪ ದನಿ ಹೋಗಬೇಕಾದ ಜಾಗಕ್ಕೆ ಹೋಗುತ್ತಿಲ್ಲ ಅನಿಸಿತು.

ಸೀರೆ ಅಂಗಡಿಯ ಚೀಲ

ಮರುವಾರ ಹಳೆಯ ಫಿಲ್ಮ್‌ಗಳನ್ನೆಲ್ಲ ತನ್ನಿ ಅಂದೆ. ಸೀರೆ ಅಂಗಡಿಯ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಆಯಿ ಎಲ್ಲವನ್ನೂ ಜೋಪಾನ ಮಾಡಿ ಇಟ್ಟಿದ್ದರು. ಆಪರೇಷನ್‌ಗೆ ಮೊದಲು ತೆಗೆದ ಕಿವಿಯ ಮೂಳೆಯ ಸಿ.ಟಿ. ಇತ್ತು. ಎಂ.ಆರ್.ಐ. ಇತ್ತು. ಎರಡರಲ್ಲೂ ದೋಷ ಇಲ್ಲ. ಕಾಕ್ಲಿಯಾ ಅಂದರೆ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಮೂಳೆಯ ಕೊಳವೆ. ಅದರ ಎರಡೂವರೆ ಸುತ್ತೂ ಪೂರ್ತಿ ಇದ್ದವು. ನರವೂ ದಪ್ಪಗೆ ಕಾಣುತ್ತಿತ್ತು. ಕೆಲವು ಮಕ್ಕಳಲ್ಲಿ ಈ ಸುತ್ತುಗಳೇ ಅರ್ಧಕ್ಕೆ ನಿಂತಿರುತ್ತವೆ. ಮೆದುಳಿನ ಪೊರೆಯ ಸೋಂಕು ಬಂದು ಕಿವುಡಾದ ಮಕ್ಕಳಲ್ಲಿ ಕೆಲವು ಸಲ ಕೊಳವೆಯೊಳಗೆ ಮೂಳೆ ಬೆಳೆದು ದಾರಿ ಕಟ್ಟಿಹೋಗಿರುತ್ತದೆ. ಇವಳಿಗೆ ಅಂಥದ್ದೇನೂ ಇರಲಿಲ್ಲ. ತಂತಿ ಸಲೀಸಾಗಿ ಹೋಗಬೇಕಾದ ಕಿವಿ.

ಆಪರೇಷನ್ ಆದ ಮೇಲಿನದು ಒಂದೇ ಒಂದು ಎಕ್ಸ್‌ರೇ, ತಲೆಯನ್ನು ನೇರ ಎದುರಿನಿಂದ ತೆಗೆದದ್ದು. ಚರ್ಮದ ಕೆಳಗಿನ ಗುಂಡು ಭಾಗ, ಅದರಿಂದ ಹೊರಟ ತಂತಿ, ತುದಿಯಲ್ಲಿ ಒಂದು ಬಿಳಿ ಗುಪ್ಪೆ. ವರದಿಯಲ್ಲಿ ಎಲೆಕ್ಟ್ರೋಡ್ ತಂತಿ ಒಳಗಿದೆ ಅಂತ ಬರೆದಿತ್ತು. ಬರೆದದ್ದು ಸುಳ್ಳಲ್ಲ. ಒಳಗಿತ್ತು. ಒಳಗೆ ಹೇಗೆ ಮಲಗಿದೆ ಅನ್ನುವುದನ್ನು ಆ ಫಿಲ್ಮಿನಲ್ಲಿ ಯಾರು ನೋಡಿದರೂ ಹೇಳುವುದಕ್ಕಾಗುತ್ತಿರಲಿಲ್ಲ. ಈ ಪ್ರಕರಣದ ತಿರುಳು ಇದೇ.

ಯಾಕೆ ಹೇಳುವುದಕ್ಕಾಗುವುದಿಲ್ಲ? ಕಾಕ್ಲಿಯಾ ತಲೆಯೊಳಗೆ ನೇರವಾಗಿ ಮುಂದೆ ಮುಖ ಮಾಡಿಲ್ಲ, ಪಕ್ಕಕ್ಕೂ ಮಾಡಿಲ್ಲ. ಅದರ ತುದಿ ಮುಂದಕ್ಕೂ ಹೊರಕ್ಕೂ ಓರೆಯಾಗಿ ತಿರುಗಿದೆ. ಜಿಲೇಬಿಯನ್ನು ತಟ್ಟೆಯಲ್ಲಿಟ್ಟು ಮೇಲಿನಿಂದ ನೋಡಿದರೆ ಸುತ್ತು ಕಾಣುತ್ತದೆ. ಓರೆಯಾಗಿ ನೋಡಿದರೆ ಸುತ್ತಿನ ಮೇಲೆ ಸುತ್ತು ಬಿದ್ದು ಒಂದೇ ಮುದ್ದೆ. ಹಾಗಾಗಿ ಎಕ್ಸ್‌ರೇ ಕಿರಣ ಆ ಜಿಲೇಬಿಯನ್ನು ಮೇಲಿನಿಂದ ನೋಡುವ ಹಾಗೆ ತಲೆಯನ್ನು ಸುಮಾರು 50 ಡಿಗ್ರಿ ತಿರುಗಿಸಿ ಫಿಲ್ಮ್ ತೆಗೆಯಬೇಕು. ಕಿವಿಯ ಮೂಳೆಗೆ ಇಂಥ ಓರೆ ಕೋನ ಹೊಸದೇನಲ್ಲ. ಡಚ್ ವೈದ್ಯ ಸ್ಟೆನ್ವರ್ಸ್ ಹೆಸರಿನ ಭಂಗಿ ನೂರು ವರ್ಷಕ್ಕೂ ಹಳೆಯದು. ಅದನ್ನೇ ಇಂಪ್ಲಾಂಟ್‌ಗೆ ತಕ್ಕ ಹಾಗೆ ತಿದ್ದಿ, ಮೆಲ್ಬರ್ನ್‌ನ ಗ್ರೇಮ್ ಕ್ಲಾರ್ಕ್ ತಂಡ 2000ದಲ್ಲಿ 'ಕಾಕ್ಲಿಯರ್ ವ್ಯೂ' ಅಂತ ವಿವರವಾಗಿ ಬರೆಯಿತು. 1978ರಲ್ಲಿ ಬಹು ಎಲೆಕ್ಟ್ರೋಡ್ ಇಂಪ್ಲಾಂಟ್ ಹಾಕಿದ ಕ್ಲಾರ್ಕ್ ಅವರೇ ಇವರು.

ಇಲ್ಲಿ ಯಾರು ತೆಗೆದುಕೊಡುತ್ತಾರೆ ಅನ್ನುವ ಚಿಂತೆ ನನಗಿತ್ತು. ಹೈದರಾಬಾದಿಗೆ ಕಳಿಸಬೇಕೇನೋ ಅಂದುಕೊಂಡಿದ್ದೆ. ಸಿ.ಟಿ. ಬಂದ ಮೇಲೆ ಕಿವಿಗೆ ಎಕ್ಸ್‌ರೇ ಕೇಳುವವರೇ ಕಡಿಮೆಯಾಗಿದ್ದಾರೆ. ಪರಿಚಯದ ಎಕ್ಸ್‌ರೇ ಸೆಂಟರಿನಲ್ಲಿ ವಯಸ್ಸಾದ ಟೆಕ್ನೀಷಿಯನ್ ಒಬ್ಬರಿದ್ದಾರೆ. ಎಲ್ಲರಿಗೂ ಅವರು ಚಾಚಾ. ಕಾಗದದಲ್ಲಿ ಚಿತ್ರ ಬರೆದು ತೋರಿಸಿದೆ. ನೋಡಿ ನಕ್ಕರು. 'ಇದು ಸ್ಟೆನ್ವರ್ಸ್ ಅಲ್ಲೇನ್ರಿ ಮೇಡಂ? ಹಿಂದ ಕಿವಿ ಸೋರೋರಿಗೆ ದಿನಾ ತೆಗೀತಿದ್ವಿ. ಕರ್ಕೊಂಡು ಬರ್ರಿ.'

ಮಗುವನ್ನು ಅಲುಗಾಡದಂತೆ ಹಿಡಿಯುವುದೇ ದೊಡ್ಡ ಕೆಲಸವಾಯಿತು. ಹೊರಗಿನ ಯಂತ್ರವನ್ನೂ ಅದರಿಂದ ತಲೆಗೆ ಅಂಟಿಕೊಂಡಿರುವ ಕಾಯಿಲನ್ನೂ ಮೊದಲು ತೆಗೆದಿಟ್ಟೆವು. ಅದನ್ನು ತೆಗೆದರೆ ಅವಳಿಗೆ ಏನೂ ಕೇಳಿಸುವುದಿಲ್ಲ, ಹೆದರುತ್ತಾಳೆ. ಸೀಸದ ಏಪ್ರನ್ ಹಾಕಿಕೊಂಡ ಆಯಿ ಎರಡೂ ಕೈಯಲ್ಲಿ ಅವಳ ತಲೆ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ನಿಂತರು. ಮೊದಲ ಫಿಲ್ಮ್ ಅಲುಗಿತು. ಎರಡನೆಯದು ಬಂತು. (ಎಕ್ಸ್‌ರೇಗೆ ಕಾಯಿಲ್ ಅಂಟಿಕೊಳ್ಳಲಿ ಅಂತ ಇಂಪ್ಲಾಂಟಿನ ಒಳಗಿಟ್ಟ ಅಯಸ್ಕಾಂತದಿಂದ ತೊಂದರೆ ಇಲ್ಲ. ಎಂ.ಆರ್.ಐ.ಗೆ ಹಾಗಲ್ಲ. ಇಂಪ್ಲಾಂಟ್ ಇರುವ ಮಗುವಿಗೆ ಎಂ.ಆರ್.ಐ. ಬರೆದರೆ ಅದು ಯಾವ ಮಾದರಿ, ಏನು ಎಚ್ಚರಿಕೆ ಬೇಕು ಅಂತ ಮೊದಲು ಇಂಪ್ಲಾಂಟ್ ತಂಡವನ್ನು ಕೇಳಲೇಬೇಕು.)

ಫಿಲ್ಮಿನಲ್ಲಿ ಕಂಡದ್ದು

ಸರಿಯಾಗಿ ಕೂತ ಎಲೆಕ್ಟ್ರೋಡ್ ತಂತಿ ಈ ಕೋನದಲ್ಲಿ ಮಣಿಸರದ ಹಾಗೆ ಕಾಣುತ್ತದೆ. ಒಂದರ ಹಿಂದೊಂದು ಬಿಳಿ ಚುಕ್ಕೆ, ಒಂದೇ ದಿಕ್ಕಿನಲ್ಲಿ ಸುತ್ತುತ್ತಾ ಒಳಕ್ಕೆ ಹೋಗುತ್ತವೆ. ಇವಳ ಫಿಲ್ಮಿನಲ್ಲಿ ಸುತ್ತು ಚೆನ್ನಾಗಿ ಶುರುವಾಗಿತ್ತು. ಮುಕ್ಕಾಲು ಸುತ್ತು ದಾಟುತ್ತಿದ್ದ ಹಾಗೆ ತುದಿ ತಿರುಗಿ ವಾಪಸ್ಸು ಬಂದಿತ್ತು. ಕೊನೆಯ ಮೂರು ಚುಕ್ಕೆಗಳು ಹಿಂದಿನ ಚುಕ್ಕೆಗಳ ಮಗ್ಗುಲಲ್ಲೇ ಕೂತಿದ್ದವು.

ಲಂಗಕ್ಕೆ ಲಾಡಿ ಏರಿಸುವಾಗ ಕೆಲವು ಸಲ ತುದಿ ಒಳಗೇ ಮಡಚಿಕೊಳ್ಳುತ್ತದಲ್ಲ, ಹಾಗೆ. ಹೊರಗಿನಿಂದ ಲಾಡಿ ಪೂರ್ತಿ ಒಳಗೆ ಹೋದ ಹಾಗೇ ಕಾಣುತ್ತದೆ. ಇವಳಿಗೆ ಹಾಕಿದ್ದು ಮೊದಲೇ ಸುರುಳಿ ಬಾಗು ಇರುವ ಎಲೆಕ್ಟ್ರೋಡ್ ತಂತಿ. ಒಳಗೆ ಬಿಡುವ ತನಕ ಅದನ್ನು ನೆಟ್ಟಗೆ ಹಿಡಿದಿಡುತ್ತಾರೆ. ಬಿಟ್ಟಾಗ ಅದು ತಾನೇ ಸುತ್ತಿಕೊಂಡು ನರದ ಹತ್ತಿರ ಕೂರುತ್ತದೆ. ನರಕ್ಕೆ ಹತ್ತಿರ ಇರುವುದು ಒಳ್ಳೆಯದೇ. ಆದರೆ ಬಿಡುವ ಆಳ, ದಿಕ್ಕು ಸ್ವಲ್ಪ ಹೆಚ್ಚುಕಮ್ಮಿಯಾದರೆ ತುದಿ ಮಡಚುವ ಅಪಾಯ ಈ ಬಗೆಯದರಲ್ಲಿ ಜಾಸ್ತಿ. ಕುಶಲ ಸರ್ಜನ್ ಕೈಯಲ್ಲೂ ಆಗುತ್ತದೆ. ಒಳಗೆ ಏನಾಯಿತು ಅಂತ ಅವರ ಕಣ್ಣಿಗೆ ಕಾಣುವುದಿಲ್ಲ.

ಫಿಲ್ಮಿನ ಮೇಲೆ ಪೆನ್ಸಿಲಿನಲ್ಲಿ ಅಳತೆ ಮಾಡಿದೆವು. ಒಳಗಿವಿಯ ಮೇಲಿನ ಅರ್ಧವರ್ತುಲ ನಾಳದ ನೆತ್ತಿಯಿಂದ ನಡುಕೋಣೆಯಾದ ವೆಸ್ಟಿಬ್ಯೂಲ್‌ನ ಮಧ್ಯಕ್ಕೆ ಒಂದು ಗೆರೆ ಎಳೆದು ಕೆಳಕ್ಕೆ ಮುಂದುವರಿಸಬೇಕು. ಅದು ತಂತಿಯನ್ನು ದಾಟುವ ಜಾಗವೇ ಹೆಚ್ಚುಕಮ್ಮಿ ಕಾಕ್ಲಿಯಾದ ಬಾಗಿಲು. ಅಲ್ಲಿಂದ ಸೊನ್ನೆ ಡಿಗ್ರಿ ಅಂತ ಎಣಿಸಬೇಕು. ಒಂದು ಸುತ್ತಿಗೆ 360. ಇವಳದು ಸುಮಾರು 280ಕ್ಕೆ ನಿಂತು ಹಿಂದೆ ತಿರುಗಿತ್ತು.

ಈಗ ಊಟ–ಆಟದ ಲೆಕ್ಕ ನೋಡಿ. ಕಾಕ್ಲಿಯಾ ಒಂಥರಾ ಹಾರ್ಮೋನಿಯಂ ಪೇಟಿ. ಬಾಗಿಲ ಹತ್ತಿರ ತೆಳು ಸ್ವರ, ಒಳಗೆ ಹೋದ ಹಾಗೆ ದಪ್ಪ ಸ್ವರ. ಈ ಯಂತ್ರದಲ್ಲಿ ತುದಿಯ ಎಲೆಕ್ಟ್ರೋಡ್ 22ನೆಯದು, ಅದಕ್ಕೆ ಕೊಟ್ಟ ಕೆಲಸ 188ರಿಂದ 313 ಹರ್ಟ್ಜ್. 21ಕ್ಕೆ 438ರವರೆಗೆ. ತಾಯಿ 'ಊ' ಅಂದಾಗ ಆ ಸ್ವರದ ಮೊದಲ ಮುಖ್ಯ ಬಲ ಸುಮಾರು 300–400 ಹರ್ಟ್ಜ್‌ನಲ್ಲಿರುತ್ತದೆ. ಅಂದರೆ 22 ಮತ್ತು 21 ಕೆಲಸ ಮಾಡಬೇಕು. ಮಾಡಿದವು ಕೂಡ. ಆದರೆ 19ರ ಹತ್ತಿರ ಮಡಚಿದ್ದರಿಂದ 22 ಹೋಗಿ 16ರ ಮಗ್ಗುಲಲ್ಲಿ, 21 ಹೋಗಿ 17ರ ಮಗ್ಗುಲಲ್ಲಿ ಕೂತಿತ್ತು. 17, 16 ಇರುವುದು 800ರಿಂದ 1000 ಹರ್ಟ್ಜ್ ಸುತ್ತಮುತ್ತಲಿನ ಶಬ್ದಕ್ಕೆ. 'ಆ' ಸ್ವರದ ಬಲ ಬೀಳುವುದು ಅಲ್ಲೇ. ತಾಯಿ ಊಟ ಅಂದಾಗ ಆ ಮಗುವಿನ ನರಕ್ಕೆ ತಲುಪುತ್ತಿದ್ದದ್ದು ಆಟದ ಹತ್ತಿರದ ಸುದ್ದಿ. ಹುಡುಗಿ ತಪ್ಪಿರಲೇ ಇಲ್ಲ. ಕೇಳಿದ್ದನ್ನು ಸರಿಯಾಗಿ ತೋರಿಸುತ್ತಿದ್ದಳು.

ನಾನು ಸುಮಾರು ಹೊತ್ತು ಆ ಫಿಲ್ಮ್ ಹಿಡಿದುಕೊಂಡು ಕೂತಿದ್ದೆ. ನಮ್ಮ ಪರೀಕ್ಷೆಗಳು ಮೋಸ ಮಾಡಿರಲಿಲ್ಲ. ಪ್ರತಿಯೊಂದು ಎಲೆಕ್ಟ್ರೋಡಿಗೂ ಕರೆಂಟ್ ಹರಿಯುತ್ತಿತ್ತು, ಪ್ರತಿಯೊಂದರ ಹತ್ತಿರವೂ ನರ ಇತ್ತು. ಇಂಪೀಡೆನ್ಸ್ ಸರಿ, ಎನ್‌ಆರ್‌ಟಿ ಸರಿ, ಶಬ್ದಕ್ಕೆ ತಿರುಗುವುದೂ ಸರಿ. ಜಾಗ ತಪ್ಪಿದೆ ಅನ್ನುವುದನ್ನು ಹೇಳುವುದು ಆ ಪರೀಕ್ಷೆಗಳ ಕೆಲಸ ಅಲ್ಲ. ಫಿಲ್ಮ್ ನೋಡಿದ ಮೇಲೆ ಎನ್‌ಆರ್‌ಟಿಯಲ್ಲೇ ಇನ್ನೊಂದು ಬಗೆಯ ಅಳತೆ ಮಾಡಿದೆ. 22ನ್ನು ಚುರುಕು ಮಾಡಿ, ಪ್ರಭಾವ ಎಲ್ಲೆಲ್ಲಿಗೆ ಹರಡುತ್ತದೆ ಅಂತ ನೋಡುವುದು. 16ರ ಹತ್ತಿರ ಇನ್ನೊಂದು ಶಿಖರ ಎದ್ದಿತು. ಚಿತ್ರ ಮತ್ತು ಅಳತೆ ಎರಡೂ ಒಂದೇ ಮಾತು ಹೇಳಿದವು.

ತಾಯಿಗೆ ಫಿಲ್ಮ್ ತೋರಿಸಿ, 'ನಿಮ್ಮ ತಪ್ಪಿರಲಿಲ್ಲ, ನಾನು ನಿಮಗೆ ಹಾಗೆ ಹೇಳಬಾರದಿತ್ತು' ಅಂದೆ. ಆಕೆ ಮಾತಾಡಲಿಲ್ಲ. ಆಯಿಗೆ ಬೇರೆಯದೇ ಭಯ ಇತ್ತು. 'ಜೋಕಾಲಿ ಮ್ಯಾಲಿಂದ ಒಂದಪ ಬಿದ್ದಿತ್ತವ್ವಾ ಖೂಸು. ಅವಾಗ ತಂತಿ ಸರದದೇನು? ನಾನೇ ಕೂಡಿಸಿದ್ದೆ ಜೋಕಾಲಿ ಮ್ಯಾಲ.' ಇಲ್ಲ ಆಯಿ, ಅಂದೆ. ಈ ಥರ ಮಡಚುವುದು ತಂತಿ ಒಳಗೆ ಹೋಗುವಾಗಲೇ. ಬಿದ್ದರೆ ತುದಿ ಹೀಗೆ ತಿರುಗುವುದಿಲ್ಲ. ಮಗು ಬೆಳೆದ ಹಾಗೆ ತಂತಿ ಗಿಡ್ಡ ಆಗುತ್ತದಾ ಅಂತಲೂ ಕೇಳಿದರು. ಅದೂ ಇಲ್ಲ. ಕಾಕ್ಲಿಯಾ ಹುಟ್ಟುವಾಗಲೇ ದೊಡ್ಡವರ ಅಳತೆಯಲ್ಲಿರುತ್ತದೆ. ಅದು ಬೆಳೆಯುವುದಿಲ್ಲ. ತಲೆಬುರುಡೆ ಬೆಳೆಯುವುದಕ್ಕೆ ಬೇಕಾದ ಸಡಿಲ ತಂತಿಯನ್ನು ಸರ್ಜನ್ ಕಿವಿಯ ಹಿಂದಿನ ಮೂಳೆಯಲ್ಲಿ ಬಿಟ್ಟಿರುತ್ತಾರೆ. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಎಷ್ಟು ತಿಂಗಳಿಂದ ಆ ಜೋಕಾಲಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ.

ಸಿ.ಟಿ. ಯಾಕೆ, ಯಾವಾಗ

ಎಕ್ಸ್‌ರೇ ಮಡಚಿರುವುದನ್ನು ಹೇಳಿತು. ಒಂದು ಪ್ರಶ್ನೆ ಉಳಿಯಿತು. ಕಾಕ್ಲಿಯಾದ ಕೊಳವೆಯೊಳಗೆ ಮಹಡಿಗಳಿವೆ. ತಂತಿ ಇರಬೇಕಾದದ್ದು ಕೆಳಗಿನ ಸ್ಕೇಲಾ ಟಿಂಪಾನಿಯಲ್ಲಿ. ನಡುವಿನ ತೆಳು ಪೊರೆ ಹರಿದು ಮೇಲಿನ ಮಹಡಿಗೆ ನುಗ್ಗಿದೆಯಾ? ಇದನ್ನು ಎಕ್ಸ್‌ರೇ ಹೇಳಲಾರದು. ಅದಕ್ಕೆ ತೆಳು ಹೋಳುಗಳ ಸಿ.ಟಿ. ಬೇಕು, ಸಿಗುವುದಾದರೆ ಶಂಕುವಿನಾಕಾರದ ಕಿರಣ ಬಳಸುವ ಕೋನ್ ಬೀಮ್ ಸಿ.ಟಿ. ಇನ್ನೂ ಒಳ್ಳೆಯದು. ಲೋಹದ ಹೊಳಪಿನಿಂದ ಮಾಮೂಲಿ ಸಿ.ಟಿ.ಯಲ್ಲಿ ಎಲೆಕ್ಟ್ರೋಡ್ ಇದ್ದದ್ದಕ್ಕಿಂತ ದಪ್ಪ ಕಾಣುತ್ತದೆ, ಪಕ್ಕಪಕ್ಕದವು ಒಂದಕ್ಕೊಂದು ಅಂಟಿದ ಹಾಗಿರುತ್ತವೆ. ಕೋನ್ ಬೀಮ್‌ನಲ್ಲಿ ಈ ತೊಂದರೆ ಕಡಿಮೆ, ವಿಕಿರಣವೂ ಸಾಮಾನ್ಯವಾಗಿ ಕಡಿಮೆ.

ಆದರೂ ಎಲ್ಲ ಮಗುವಿಗೂ ಸಿ.ಟಿ. ಅನ್ನುವುದನ್ನು ನಾನು ಒಪ್ಪುವುದಿಲ್ಲ. ಒಂದು ಎಕ್ಸ್‌ರೇಗೆ ಹೋಲಿಸಿದರೆ ಅದರ ವಿಕಿರಣ ಹತ್ತಾರು ಪಟ್ಟು ಜಾಸ್ತಿ. ಚಿತ್ರ ನೋಡಿ ಏನಾದರೂ ನಿರ್ಧಾರ ಬದಲಾಗುವುದಾದರೆ ಮಾತ್ರ ತೆಗೆಸಬೇಕು. ಇವಳ ವಿಷಯದಲ್ಲಿ ಬದಲಾಗುತ್ತಿತ್ತು. ಮತ್ತೆ ಆಪರೇಷನ್ ಮಾಡಬೇಕಾ ಬೇಡವಾ ಅನ್ನುವುದು ಅದರ ಮೇಲೆ ನಿಂತಿತ್ತು. ಕಲಬುರಗಿಯಲ್ಲೇ ಮಾಮೂಲಿ ಸಿ.ಟಿ. ಆಯಿತು. ಕಂಡಷ್ಟರ ಮಟ್ಟಿಗೆ ತಂತಿ ಕೆಳಗಿನ ಮಹಡಿಯಲ್ಲೇ ಇತ್ತು.

ಆಪರೇಷನ್ ಮಾಡಿದ ಸರ್ಜನ್ನರಿಗೆ ಚಿತ್ರಗಳನ್ನು ಕಳಿಸಿ ಫೋನ್ ಮಾಡಿದೆ. ಸಿಟ್ಟಾಗುತ್ತಾರೇನೋ ಅಂದುಕೊಂಡಿದ್ದೆ. ಆಗಲಿಲ್ಲ. ಅವತ್ತು ಥಿಯೇಟರಿನಲ್ಲಿ ಇಂಪೀಡೆನ್ಸ್, ಎನ್‌ಆರ್‌ಟಿ ಎರಡೂ ಸರಿ ಬಂದಿದ್ದವು, ಹೊಲಿಗೆ ಹಾಕುವ ಮೊದಲು ಥಿಯೇಟರಿನ ಎಕ್ಸ್‌ರೇ ಯಂತ್ರವಾದ ಸಿ–ಆರ್ಮ್‌ನಲ್ಲಿ ನೋಡಲಿಲ್ಲ ಅಂದರು. ನೋಡಿದ್ದರೆ ಆಗಲೇ ಹೊರಗೆಳೆದು ಮತ್ತೆ ಹಾಕಬಹುದಿತ್ತು, ಕೆಲವು ನಿಮಿಷದ ಕೆಲಸ. ಈಗ ಹಾಗಲ್ಲ. ತಿಂಗಳುಗಟ್ಟಲೆ ಒಳಗಿದ್ದ ತಂತಿಯ ಸುತ್ತ ನಾರು ಬೆಳೆದಿರುತ್ತದೆ. ಎಳೆದರೆ ಒಳಗಿನ ಸೂಕ್ಷ್ಮ ಭಾಗಕ್ಕೆ ಪೆಟ್ಟಾಗಬಹುದು. ಇನ್ನೊಂದು ಸಲ ಅರಿವಳಿಕೆ ಕೊಡಬೇಕು, ಹೊಸ ಇಂಪ್ಲಾಂಟೇ ಬೇಕಾಗಬಹುದು, ಅದರ ಖರ್ಚು ಯಾರು ಕೊಡುತ್ತಾರೆ ಅನ್ನುವುದು ಬೇರೆ.

ಮಡಚಿದ ಮೂರನ್ನು ಮೊದಲು ಬಂದ್ ಮಾಡಿ ನೋಡೋಣ, ಆರು ತಿಂಗಳಲ್ಲಿ ಪ್ರಗತಿ ಕಾಣದಿದ್ದರೆ ಆಪರೇಷನ್ ಬಗ್ಗೆ ಕೂತು ಮಾತಾಡೋಣ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದೆವು. ತಂದೆ ಆ ದಿನ ಕೂಲಿ ಬಿಟ್ಟು ಬಂದಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ: 'ಮೂರು ಬಂದ್ ಮಾಡಿದ್ರ ಅಷ್ಟು ಕಮ್ಮಿ ಕೇಳಸ್ತದೇನ್ರಿ?' ಕಮ್ಮಿ ಆಗುವುದಿಲ್ಲ, ಶಬ್ದವನ್ನೆಲ್ಲ ಉಳಿದ 19ಕ್ಕೆ ಹಂಚುತ್ತೇವೆ, ಗೋಜಲು ಮಾಡುತ್ತಿದ್ದ ಮೂರು ಸುಮ್ಮನಿರುತ್ತವೆ ಅಂದೆ.

ಆಮೇಲೆ

20, 21, 22 ಬಂದ್ ಮಾಡಿದ ಮೊದಲ ಎರಡು ವಾರ ಕಷ್ಟವಾಯಿತು. ಕಲಿತಿದ್ದ ಪದಗಳೂ ಅವಳಿಗೆ ಬೇರೆ ಥರ ಕೇಳಿಸುತ್ತಿದ್ದವೇನೋ. ಯಂತ್ರ ಕಿತ್ತು ಎಸೆಯುತ್ತಿದ್ದಳು. ಮೂರನೆಯ ವಾರದಿಂದ 'ಊ' ಅಂದರೆ 'ಆ' ಶಬ್ದದ ಚಿತ್ರದ ಕಡೆ ಹೋದ ಕೈ ನಡುವೆ ನಿಂತು ಯೋಚಿಸತೊಡಗಿತು. ಮೂರು ತಿಂಗಳಿಗೆ ಊಟ–ಆಟ 20ಕ್ಕೆ 16 ಸರಿ ಬಂತು. ಆರು ತಿಂಗಳಿಗೆ 18. ಮ್ ಮತ್ತು ನ್ ನಡುವೆ ಇವತ್ತಿಗೂ ತೊಂದರೆ ಇದೆ. ಹತ್ತಿರದ ದಪ್ಪ ದನಿಗಳನ್ನು ಬಿಡಿಸಿ ಕೇಳಿಸಿಕೊಳ್ಳುವುದು ಅವಳಿಗೆ ಕಷ್ಟವಾಗಿಯೇ ಉಳಿಯಬಹುದು, ಯಾಕೆಂದರೆ ಕಾಕ್ಲಿಯಾದ ಒಳ ಸುತ್ತಿನಲ್ಲಿ ಎಲೆಕ್ಟ್ರೋಡೇ ಇಲ್ಲ. ಸದ್ಯಕ್ಕೆ ಮರು ಆಪರೇಷನ್ ಬೇಡ ಅಂತ ಆಗಿದೆ. ಎಡಗಿವಿಗೆ ಹಾಕಿಸುವ ಮಾತು ನಡೆದಿದೆ. ಹಾಕಿಸಿದರೆ ಥಿಯೇಟರಿನಲ್ಲೇ, ಹೊಲಿಗೆ ಹಾಕುವ ಮೊದಲು, ಆ ಕೋನದ ಚಿತ್ರ ತೆಗೆಯಬೇಕು ಅನ್ನುವುದನ್ನು ತಾಯಿಯೇ ಸರ್ಜನ್ನರಿಗೆ ಹೇಳಿ ಬಂದಿದ್ದಾರೆ.

ನನ್ನ ಕೋಣೆಯಲ್ಲಿ ಬದಲಾದದ್ದು ಇಷ್ಟು. ಇಂಪ್ಲಾಂಟ್ ಹಾಕಿಸಿಕೊಂಡ ಯಾವ ಮಗು ಬಂದರೂ ಮೊದಲ ದಿನವೇ ಆಪರೇಷನ್ ನಂತರದ ಫಿಲ್ಮ್ ಕೇಳುತ್ತೇನೆ. ಯಾವ ಕೋನದಲ್ಲಿ ತೆಗೆದದ್ದು ಅಂತ ನೋಡುತ್ತೇನೆ. ಚುಕ್ಕೆ ಎಣಿಸುತ್ತೇನೆ, ಡಿಗ್ರಿ ಬರೆದುಕೊಳ್ಳುತ್ತೇನೆ. ಸರಿಯಾದ ಫಿಲ್ಮ್ ಇಲ್ಲದಿದ್ದರೆ ಸರ್ಜನ್ನರಿಗೆ ಫೋನ್ ಮಾಡುತ್ತೇನೆ, ಅವರು ಒಪ್ಪಿದರೆ ಚಾಚಾ ಹತ್ತಿರ ಕಳಿಸುತ್ತೇನೆ. ಮಗುವಿನ ತಲೆ ಅಲುಗದಂತೆ 50 ಡಿಗ್ರಿಗೆ ಕೊರೆದ ಥರ್ಮೋಕೋಲ್ ದಿಂಬೊಂದನ್ನು ಅವರೇ ಮಾಡಿಕೊಂಡಿದ್ದಾರೆ. ಎಕ್ಸ್‌ರೇ ಕೋಣೆಯ ಕಪಾಟಿನಲ್ಲಿ, ಸೀಸದ ಏಪ್ರನ್ ಪಕ್ಕದಲ್ಲಿ ಇಟ್ಟಿರುತ್ತಾರೆ. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ 'ಕಿವಿ' ಅಂತ ಬರೆದಿದ್ದಾರೆ.